ಜೆನಿಫರ್ ಲೋಪೆಜ್ ಕಟ್ಟಿದ ಪ್ರೇಮಪುರಾಣ

ಉಕ್ಕಿನ ತೊಲೆಗಳು, ಹಬೆ ಉಗುಳುವ ಕೊಳವೆಗಳು, ಮಸಿ ಮೆತ್ತಿದ ಮೈಯ ಕಾರ್ಮಿಕರ ಸಾಲು. ಆ ಬೃಹತ್ ಕಾರ್ಖಾನೆಯ ನಟ್ಟನಡುವೆ ದೈತ್ಯಗಾತ್ರದ ಯಾಂತ್ರಿಕ ಹೃದಯವೊಂದು ಮಿಡಿಯುತ್ತಿದೆ. ಅದಕ್ಕೆ ಬೇಕಾದ ಇಂಧನ ಕಲ್ಲಿದ್ದಲಲ್ಲ, ತೈಲವಲ್ಲ; ಹೂವಿನ ದಳ! ದಳಗಳ ದಾಸ್ತಾನು ಬರಿದಾಗುತ್ತಿದೆ. ಮಿಡಿತ ತಾಳ ತಪ್ಪುತ್ತಿದೆ. ಅಪಾಯದ ಗಂಟೆ ಮೊಳಗುತ್ತಿದ್ದಂತೆ ಕಾರ್ಮಿಕರೆಲ್ಲ ಒಂದೇ ಲಯಕ್ಕೆ ಮೈಯೊಡ್ಡಿ ಕುಣಿಯತೊಡಗುತ್ತಾರೆ. ಅವರ ಮುಂದಾಳು, ಹಾಳಾಗುತ್ತಿರುವ ತನ್ನದೇ ಹೃದಯವನ್ನು ದುರಸ್ತಿ ಮಾಡಲು ಹೆಣಗುತ್ತಿರುವ ಹೆಣ್ಣು, ಜೆನಿಫರ್ ಲೋಪೆಜ್.

‘ದಿಸ್ ಈಸ್ ಮಿ... ನೌ: ಎ ಲವ್ ಸ್ಟೋರಿ’ ಎಂಬ ಸಂಗೀತಚಿತ್ರದ ಆರಂಭ ಭಾಗದ ಈ ದೃಶ್ಯ ನೋಡುಗರನ್ನು ಅರೆಕ್ಷಣ ತಬ್ಬಿಬ್ಬುಗೊಳಿಸುತ್ತದೆ. ಭಗ್ನಪ್ರೇಮದ ಕುರಿತು ಹಾಡು ಕಟ್ಟಿದವರು ಅಸಂಖ್ಯ. ಆದರೆ ಒಡೆದ ಎದೆಯೊಳಗಿನ ಗದ್ದಲವನ್ನು ಒಂದು ಕಾರ್ಖಾನೆಯಾಗಿ ಕಲ್ಪಿಸಿ, ಅದಕ್ಕೆ ನೂರಾರು ಕೈಗಳ ದುಡಿಮೆಯನ್ನು ಜೋಡಿಸಿ, ಆ ದುಡಿಮೆಯನ್ನೇ ನೃತ್ಯವಾಗಿಸುವ ಧೈರ್ಯ ಅಪರೂಪದ್ದು. 2024ರ ಫೆಬ್ರವರಿ 16ರಂದು ಪ್ರೈಮ್ ವಿಡಿಯೊದಲ್ಲಿ ಈ ಚಿತ್ರ ತೆರೆಕಂಡಿತು. ಅದೇ ದಿನ ‘ದಿಸ್ ಈಸ್ ಮಿ... ನೌ’ ಎಂಬ ಹದಿಮೂರು ಹಾಡುಗಳ ಆಲ್ಬಂ ಕೂಡ ಹೊರಬಂತು. ಆಗ ಲೋಪೆಜ್ ಅವರಿಗೆ 54 ವರ್ಷ. ಚಿತ್ರದ ಅವಧಿ ಒಂದು ಗಂಟೆಗಿಂತ ತುಸು ಹೆಚ್ಚು. ವೆಚ್ಚ ಎರಡು ಕೋಟಿ ಡಾಲರ್, ಅಂದಿನ ವಿನಿಮಯ ದರದಲ್ಲಿ ಸರಿಸುಮಾರು 165 ಕೋಟಿ ರೂಪಾಯಿ. ಆ ಹಣ ಬಂದದ್ದು ಯಾವುದೇ ಸ್ಟುಡಿಯೊದ ತಿಜೋರಿಯಿಂದಲ್ಲ, ತಾರೆಯ ಸ್ವಂತ ಗಳಿಕೆಯಿಂದ.

ಜನಪ್ರಿಯತೆಯ ಶಿಖರದಲ್ಲಿರುವ ಕಲಾವಿದೆಯೊಬ್ಬಳು ತನ್ನ ಪ್ರೇಮ, ವಿರಹ, ಮುರಿದ ಮದುವೆಗಳು ಮತ್ತು ಮನೋಚಿಕಿತ್ಸೆಯನ್ನೆಲ್ಲ ಹಾಡು-ಕುಣಿತ-ಪುರಾಣಗಳ ಪಾಕಕ್ಕಿಳಿಸಿ, ತಾನೇ ಹಣ ಹೂಡಿ, ತಾನೇ ನಟಿಸಿ ಜಗತ್ತಿನ ಮುಂದಿಟ್ಟ ಈ ಕೃತಿ ಎರಡು ವರ್ಷಗಳಲ್ಲಿ ಹೊಗಳಿಕೆಯನ್ನೂ ಲೇವಡಿಯನ್ನೂ ಧಾರಾಳವಾಗಿ ಉಂಡಿದೆ. ಅದನ್ನು ಕೇವಲ ಒಂದು ತಾರಾಜೋಡಿಯ ಪ್ರಣಯದ ಜಾಹೀರಾತು ಎಂದು ತಳ್ಳಿಹಾಕಿದವರು ಚಿತ್ರದ ಕೊನೆಯ ಇಪ್ಪತ್ತು ನಿಮಿಷಗಳನ್ನು ಸರಿಯಾಗಿ ಗಮನಿಸಿಲ್ಲ.

ಹೂವಾದವಳು, ಹಕ್ಕಿಯಾದವನು

ಚಿತ್ರ ಆರಂಭವಾಗುವುದು ಬಾಲ್ಯದಲ್ಲಿ ಕೇಳಿದ ಕಥೆಯೊಂದರಿಂದ. ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ಆ ದಂತಕಥೆಯ ನಾಯಕಿ ಅಲೀಡಾ, ನಾಯಕ ತರೂ. ಇಬ್ಬರದೂ ಪರಸ್ಪರ ದ್ವೇಷಿಸುವ ಬುಡಕಟ್ಟುಗಳು. ಬೆಟ್ಟದ ಮಡಿಲಿನ ಕೊಳವೊಂದರ ಬಳಿ ಕದ್ದುಮುಚ್ಚಿ ನಡೆಯುವ ಭೇಟಿಗಳ ಸುದ್ದಿ ತಂದೆಯ ಕಿವಿ ಮುಟ್ಟುತ್ತದೆ. ಮಗಳನ್ನು ತನ್ನ ಕುಲದ ಬೇರೊಬ್ಬನಿಗೆ ಕೊಡುವುದೆಂದು ಅವನು ನಿಶ್ಚಯಿಸುತ್ತಾನೆ. ಅಲೀಡಾ ದೇವರಿಗೆ ಮೊರೆಯಿಡುತ್ತಾಳೆ. ದೇವರು ಕರುಣೆಯಿಂದ ಅವಳನ್ನು ಕೆಂಪು ಹೂವಾಗಿಸುತ್ತಾನೆ. ಇದನ್ನರಿಯದ ತರೂ ಕೊಳದ ದಡದಲ್ಲಿ ಕಾದು ಕಾದು ಬಸವಳಿದಾಗ ಚಂದ್ರ ನಿಜ ಹೇಳುತ್ತಾನೆ. ಹೂವಿನ ಹೆಸರು ಮಾತ್ರ ಚಂದ್ರನಿಗೂ ಗೊತ್ತಿಲ್ಲ. ಅವಳನ್ನು ಹುಡುಕಲು ನೆರವಾಗೆಂದು ತರೂ ಬೇಡಿಕೊಂಡಾಗ ದೇವರು ಅವನನ್ನು ಹಮ್ಮಿಂಗ್‌ಬರ್ಡ್ ಆಗಿ ಮಾರ್ಪಡಿಸುತ್ತಾನೆ. ಅಂದಿನಿಂದ ಆ ಪುಟ್ಟ ಹಕ್ಕಿ ಹೂವಿನಿಂದ ಹೂವಿಗೆ, ಅದರಲ್ಲೂ ಕೆಂಪು ಹೂಗಳ ಬಳಿಗೆ, ದಣಿವಿಲ್ಲದೆ ಹಾರುತ್ತಲೇ ಇದೆ.

ಹಮ್ಮಿಂಗ್‌ಬರ್ಡ್ ಅಮೆರಿಕ ಖಂಡಗಳ ಸ್ವತ್ತು, ಭಾರತದಲ್ಲಿ ಅದಿಲ್ಲ. ನಮ್ಮ ಹಿತ್ತಲ ದಾಸವಾಳಕ್ಕೆ ಕೊಕ್ಕು ಹಾಕುವ ಸೂರಕ್ಕಿ ಬೇರೆಯದೇ ಕುಲದ್ದು. ಆದರೂ ಶಾಪದಿಂದಲೋ ವರದಿಂದಲೋ ಮನುಷ್ಯರು ಹೂವಾಗುವ, ಹಕ್ಕಿಯಾಗುವ ಕಥೆಗಳನ್ನು ಅಜ್ಜಿಯ ಮಡಿಲಲ್ಲಿ ಕೇಳಿದ ನಾಡಿನವರಿಗೆ ಅಲೀಡಾಳ ಪಾಡು ಪರಕೀಯವೆನಿಸುವುದಿಲ್ಲ.

ಈ ದಂತಕಥೆ ದ್ವೀಪದಿಂದ ನ್ಯೂಯಾರ್ಕ್ ತಲುಪಿದ ಬಗೆ ಸ್ವತಃ ಒಂದು ರೋಚಕ ಇತಿಹಾಸ. ಪುರಾ ಬೆಲ್ಪ್ರೆ ಎಂಬ ಪೋರ್ಟೊ ರಿಕೊ ಮೂಲದ ಮಹಿಳೆ 1921ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಸೇವೆಗೆ ಸೇರಿದರು. ವಲಸಿಗರ ಮಕ್ಕಳು ಗ್ರಂಥಾಲಯದ ಮೆಟ್ಟಿಲು ಹತ್ತಲೂ ಅಂಜುತ್ತಿದ್ದ ಕಾಲವದು. ತಮ್ಮ ದ್ವೀಪದ ಕಥೆಗಳು ಅಲ್ಲಿನ ಕಪಾಟುಗಳಲ್ಲಿ ಇಲ್ಲದಿರುವುದನ್ನು ಕಂಡ ಬೆಲ್ಪ್ರೆ ಅವನ್ನು ಹೇಳತೊಡಗಿದರು, ಸೂತ್ರದ ಗೊಂಬೆಗಳನ್ನು ಆಡಿಸಿ ತೋರಿಸಿದರು, ಪುಸ್ತಕಗಳಾಗಿ ಬರೆದರು. ಕಾಯೇ ಮತ್ತು ಸಿದ್ರಾ ಊರುಗಳ ನಡುವಿನ ಬೆಟ್ಟದ ಕೊಳದ ಈ ಕಥೆ 1973ರಲ್ಲಿ ಬಂದ ಅವರ ಸಂಕಲನದಲ್ಲಿದೆ. ಆಗ ಜೆನಿಫರ್ ಲೋಪೆಜ್ ಅದೇ ನಗರದ ಬ್ರಾಂಕ್ಸ್ ಭಾಗದಲ್ಲಿ ಬೆಳೆಯುತ್ತಿದ್ದ ನಾಲ್ಕು ವರ್ಷದ ಮಗು. ಐದು ದಶಕಗಳ ಬಳಿಕ ಅದೇ ದಂತಕಥೆ ಕೋಟ್ಯಂತರ ಡಾಲರುಗಳ ಚಿತ್ರವೊಂದರ ಬೆನ್ನೆಲುಬಾಯಿತು. ಗ್ರಂಥಪಾಲಕಿಯೊಬ್ಬರ ತಾಳ್ಮೆಯ ದುಡಿಮೆ ಎಲ್ಲೆಲ್ಲಿಗೆ ಹಬ್ಬಬಲ್ಲದು!

ಆಕಾಶದಲ್ಲೊಂದು ಒಡ್ಡೋಲಗ

ಚಿತ್ರದ ಅತ್ಯಂತ ವಿನೋದಮಯ ಕಲ್ಪನೆ ಮುಗಿಲಾಚೆಯ ರಾಶಿಚಕ್ರ ಮಂಡಳಿ. ನಾಯಕಿ ಒಬ್ಬ ಪ್ರಿಯಕರನಿಂದ ಇನ್ನೊಬ್ಬನೆಡೆಗೆ ಎಡವುತ್ತ ಸಾಗುವುದನ್ನು ದ್ವಾದಶ ರಾಶಿಗಳ ಅಧಿದೇವತೆಗಳು ಮೇಲಿನಿಂದ ನೋಡುತ್ತಾರೆ, ಮರುಗುತ್ತಾರೆ, ಕಚ್ಚಾಡುತ್ತಾರೆ. ಯಕ್ಷಗಾನದ ದೇವೇಂದ್ರನ ಒಡ್ಡೋಲಗವನ್ನು ಕಂಡವರಿಗೆ ಈ ಸಭೆಯ ಗತ್ತು, ಬಿಗುಮಾನ, ನಡುನಡುವೆ ಸಿಡಿಯುವ ಹಾಸ್ಯ ಎಲ್ಲವೂ ಪರಿಚಿತವೆನಿಸೀತು. ಆದರೆ ಇವು ನಮ್ಮ ಪಂಚಾಂಗದ ಚಂದ್ರರಾಶಿಗಳಲ್ಲ. ಹುಟ್ಟಿದಾಗಿನ ಸೂರ್ಯನ ಸ್ಥಾನವನ್ನು ಆಧರಿಸಿದ ಪಾಶ್ಚಾತ್ಯ ರಾಶಿಗಳು.

ಧನುರಾಶಿಯ ಪೀಠದಲ್ಲಿ ಹಾಲಿವುಡ್‌ನ ಹಿರಿಯ ಚೇತನ ಜೇನ್ ಫೋಂಡಾ ಆಸೀನರಾಗಿದ್ದಾರೆ. ತುಲೆಗೆ ದಕ್ಷಿಣ ಆಫ್ರಿಕದ ಹಾಸ್ಯಪಟು ಟ್ರೆವರ್ ನೋವಾ. ವೃಷಭಕ್ಕೆ ನೀಲ್ ಡಿಗ್ರಾಸ್ ಟೈಸನ್! ಜ್ಯೋತಿಷ್ಯವನ್ನು ನಂಬಬೇಡಿ ಎಂದು ಜೀವಮಾನವಿಡೀ ಸಾರಿದ ಖಭೌತ ವಿಜ್ಞಾನಿಗೇ ರಾಶಿಯ ವೇಷ ತೊಡಿಸಿದ ಚೇಷ್ಟೆಗೆ ಮೆಚ್ಚಬೇಕು. ಇನ್ನು ಮೀನರಾಶಿಯ ಸ್ಥಾನದಲ್ಲಿ ಕಾಣಿಸುವ ಬಿಳಿಗಡ್ಡದ ಮುಖ ಕನ್ನಡಿಗರನ್ನು ಥಟ್ಟನೆ ಎಚ್ಚರಿಸುತ್ತದೆ. ಅವರು 1957ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಅಲ್ಲಿಯೇ ಓದಿ, ಚಾಮುಂಡಿ ಬೆಟ್ಟದ ಮೇಲಿನ ಅನುಭವವೊಂದನ್ನು ತಮ್ಮ ಬದುಕಿನ ತಿರುವೆಂದು ಹೇಳಿಕೊಳ್ಳುವ ಸದ್ಗುರು ಜಗ್ಗಿ ವಾಸುದೇವ್. ಚಿಕ್ಕಬಳ್ಳಾಪುರದ 112 ಅಡಿಯ ಆದಿಯೋಗಿ ಮೂರ್ತಿಯನ್ನು ಸ್ಥಾಪಿಸಿದವರು ಪಾಪ್ ತಾರೆಯ ಪ್ರೇಮಕಥೆಯಲ್ಲಿ ಪ್ರತ್ಯಕ್ಷರಾಗುವುದು ನಮ್ಮ ಕಾಲದ ವಿಚಿತ್ರ ಯೋಗಾಯೋಗಗಳಲ್ಲೊಂದು. ಅದೇ ಮಂಡಳಿಯಲ್ಲಿ ತುಳುನಾಡಿನ ಮೂಲದ ತಂದೆಗೆ ಲಂಡನ್‌ನಲ್ಲಿ ಜನಿಸಿದ ಜೇ ಶೆಟ್ಟಿ ಕೂಡ ಇದ್ದಾರೆ. ಕೆಲಕಾಲ ಸನ್ಯಾಸಿಯ ಬಾಳು ಬಾಳಿ, ಈಗ ಪಾಡ್‌ಕಾಸ್ಟ್ ಮತ್ತು ಪುಸ್ತಕಗಳಿಂದ ಜಗತ್ಪ್ರಸಿದ್ಧರಾಗಿರುವ ಅವರ ನಂಟು ತೆರೆಗಷ್ಟೇ ಸೀಮಿತವಲ್ಲ. 2022ರ ಆಗಸ್ಟ್‌ನಲ್ಲಿ ಜಾರ್ಜಿಯಾದಲ್ಲಿ ನಡೆದ ಲೋಪೆಜ್ ಮತ್ತು ನಟ ಬೆನ್ ಆಫ್ಲೆಕ್ ಅವರ ವಿವಾಹ ಸಮಾರಂಭವನ್ನು ನೆರವೇರಿಸಿಕೊಟ್ಟವರೂ ಇವರೇ.

ಮೇಲೆ ರಾಶಿಮಂಡಳಿ ಚಿಂತಿಸುತ್ತಿದ್ದರೆ ಕೆಳಗೆ ಭೂಲೋಕದಲ್ಲಿ ನಾಯಕಿ ಮನೋಚಿಕಿತ್ಸಕನ ಎದುರು ಕೂತು ತನ್ನ ಕನಸುಗಳನ್ನು ಬಿಡಿಸುತ್ತಾಳೆ. ಆ ಚಿಕಿತ್ಸಕನ ಪಾತ್ರ ಬ್ರಾಂಕ್ಸ್‌ನವರೇ ಆದ ರ‍್ಯಾಪ್ ಗಾಯಕ ಫ್ಯಾಟ್ ಜೋ ಅವರದು. 2000ದ ಸುಮಾರಿಗೆ ‘ಫೀಲಿಂಗ್ ಸೋ ಗುಡ್’ ಹಾಡಿನಲ್ಲಿ ಲೋಪೆಜ್ ಜೊತೆ ದನಿಗೂಡಿಸಿದ್ದ ಹಳೆಯ ಒಡನಾಡಿಯನ್ನು ಮನಶ್ಶಾಸ್ತ್ರಜ್ಞನ ಕುರ್ಚಿಯಲ್ಲಿ ಕೂರಿಸಿದ್ದು ನಿರ್ದೇಶಕರ ಜಾಣ್ಮೆ. ಪಂಡಿತನ ಒಣ ಪಾಂಡಿತ್ಯದ ಬದಲು ಕೇರಿಯ ಅಣ್ಣನೊಬ್ಬನ ಕಾಳಜಿ ಅವರ ಮಾತಿನಲ್ಲಿದೆ.

ಒಂದೊಂದು ಕನಸೂ ಒಂದೊಂದು ಹಾಡು. ಗಾಜಿನ ಮನೆಯಲ್ಲಿ ಹಿಂಸಾಪ್ರವೃತ್ತಿಯ ಸಂಗಾತಿಯೊಂದಿಗೆ ಬಂಧಿಸಲ್ಪಟ್ಟಂತೆ ನಡೆಯುವ ‘ರಿಬೌಂಡ್’ ನೃತ್ಯದಲ್ಲಿ ಸೆಳೆತ, ತಳ್ಳಾಟ, ಉಸಿರುಗಟ್ಟುವಿಕೆಗಳು ಮಾತಿನ ಹಂಗಿಲ್ಲದೆ ನಿರೂಪಿತವಾಗುತ್ತವೆ. ಮರುಕ್ಷಣವೇ ಚಿತ್ರ ಮಗ್ಗುಲು ಬದಲಿಸಿ ಮದುವೆಮನೆಗೆ ನೆಗೆಯುತ್ತದೆ. ಒಂದೇ ಹಾಡಿನಲ್ಲಿ ಮೂವರು ವರರು, ಮೂರು ಮದುವೆಗಳು! ಜಮೈಕಾದ ಆಲ್ಟನ್ ಎಲ್ಲಿಸ್ ಅವರ 1967ರ ಪ್ರೇಮಗೀತೆಯ ತುಣುಕನ್ನು ಒಡಲಲ್ಲಿಟ್ಟುಕೊಂಡ ‘ಕಾಂಟ್ ಗೆಟ್ ಇನಫ್’ ಹಾಡಿಗೆ ಅತಿಥಿಗಳು ಕುಣಿಯುತ್ತಲೇ ಇರುತ್ತಾರೆ, ವರ ಮಾತ್ರ ಬದಲಾಗುತ್ತಿರುತ್ತಾನೆ. ತನ್ನ ಮುರಿದ ದಾಂಪತ್ಯಗಳನ್ನು ಇಷ್ಟು ನಿರ್ಭಿಡೆಯಿಂದ ಗೇಲಿ ಮಾಡಿಕೊಂಡ ತಾರೆ ಇನ್ನೊಬ್ಬರಿದ್ದಾರೆಯೇ? ಆ ನಗುವಿನ ಬೆನ್ನಿಗೇ ‘ಬ್ರೋಕನ್ ಲೈಕ್ ಮಿ’ ಬರುತ್ತದೆ. ಪ್ರೇಮವ್ಯಸನಿಗಳು ವೃತ್ತಾಕಾರವಾಗಿ ಕೂತು ತಮ್ಮ ನೋವು ಹಂಚಿಕೊಳ್ಳುವ ಸಭೆಯದು. ಕುರ್ಚಿಗಳಿಂದ ಮೆಲ್ಲನೆ ಏಳುವ ದೇಹಗಳು ಒಬ್ಬರ ಭಾರವನ್ನು ಇನ್ನೊಬ್ಬರು ಹೊರುವ ಪರಿ ಇಡೀ ಚಿತ್ರದ ನೃತ್ಯಸಂಯೋಜನೆಯ ಕಳಶಪ್ರಾಯ ಭಾಗ.

ಪರಂಪರೆಯ ಹಾದಿ

ಗಾಯಕರು ತಮ್ಮ ಬದುಕನ್ನು ಸಂಗೀತಚಿತ್ರವಾಗಿಸುವ ಪ್ರಯೋಗಕ್ಕೆ ನಾಲ್ಕು ದಶಕಗಳ ಭವ್ಯ ಹಿನ್ನೆಲೆಯಿದೆ. 1983ರ ಡಿಸೆಂಬರ್‌ನಲ್ಲಿ ಮೈಕಲ್ ಜಾಕ್ಸನ್, ನಿರ್ದೇಶಕ ಜಾನ್ ಲ್ಯಾಂಡಿಸ್ ಅವರೊಡಗೂಡಿ ‘ಥ್ರಿಲ್ಲರ್’ ಹಾಡನ್ನು ಹದಿಮೂರು ನಿಮಿಷಗಳಿಗೂ ಮೀರಿದ ಕಿರುಚಿತ್ರವಾಗಿಸಿದಾಗ ಹಾಡಿನ ವಿಡಿಯೊ ಎಂಬುದು ಕೇವಲ ಪ್ರಚಾರದ ಸಾಧನವಲ್ಲ, ಸ್ವತಂತ್ರ ಕಲಾಪ್ರಕಾರ ಎಂಬುದು ಜಗತ್ತಿಗೆ ಮನವರಿಕೆಯಾಯಿತು. ಮರುವರ್ಷವೇ ಪ್ರಿನ್ಸ್ ‘ಪರ್ಪಲ್ ರೇನ್’ನಲ್ಲಿ ತಮ್ಮ ಊರು ಮಿನಿಯಾಪೊಲಿಸ್‌ನ ಕ್ಲಬ್ಬುಗಳನ್ನೂ ತಮ್ಮ ಬದುಕನ್ನು ಹೋಲುವ ಕೌಟುಂಬಿಕ ಕಲಹಗಳನ್ನೂ ತೆರೆಗೆ ತಂದು, ಆ ಗೀತೆಗಳಿಗಾಗಿ ಆಸ್ಕರ್ ಗೆದ್ದರು. ಅದಕ್ಕೂ ಮುನ್ನ, 1979ರಲ್ಲಿ, ನೃತ್ಯಸಂಯೋಜಕ ಬಾಬ್ ಫಾಸಿ ‘ಆಲ್ ದಟ್ ಜಾಝ್’ ಚಿತ್ರದಲ್ಲಿ ತಮ್ಮ ಹೃದ್ರೋಗವನ್ನೇ ನಾಟ್ಯಪ್ರದರ್ಶನವಾಗಿಸಿದ್ದರು. ಲೋಪೆಜ್ ಅವರ ಹೃದಯ ಕಾರ್ಖಾನೆಯ ವಂಶವೃಕ್ಷ ಹುಡುಕುವವರು ಫಾಸಿಯವರಲ್ಲಿಗೇ ಹೋಗಬೇಕು.

ಈ ಪ್ರಕಾರಕ್ಕೆ ಹೆಣ್ಣಿನ ಅಂತರಂಗವನ್ನು ಪ್ರತಿಷ್ಠಾಪಿಸಿದ ಕೀರ್ತಿ ಬಿಯಾನ್ಸೆ ಅವರದು. 2016ರ ಏಪ್ರಿಲ್ 23ರಂದು ಎಚ್‌ಬಿಒ ವಾಹಿನಿಯಲ್ಲಿ ಪ್ರಸಾರವಾದ ‘ಲೆಮನೇಡ್’, ಗಂಡನ ದ್ರೋಹದ ಶಂಕೆಯಿಂದ ಹೊರಟು ಕೋಪ, ಶೂನ್ಯತೆ, ಕ್ಷಮೆಗಳನ್ನು ಹಾದು ವಿಮೋಚನೆಗೆ ತಲುಪುವ ಹನ್ನೊಂದು ಅಧ್ಯಾಯಗಳ ದೃಶ್ಯಕಾವ್ಯ. ಲೂಸಿಯಾನಾದ ತೋಟದ ಮನೆಗಳಲ್ಲಿ ಚಿತ್ರಿತವಾದ ಆ ಕೃತಿ ಒಬ್ಬಳ ಗಾಯವನ್ನು ಕಪ್ಪು ಮಹಿಳೆಯರ ಶತಮಾನಗಳ ಗಾಯದೊಂದಿಗೆ ಬೆಸೆಯಿತು. ಸೊಮಾಲಿ ಮೂಲದ ಬ್ರಿಟಿಷ್ ಕವಯಿತ್ರಿ ವಾರ್ಸನ್ ಶೈರ್ ಅವರ ಕವಿತೆಗಳು ಅದಕ್ಕೆ ಗಹನತೆ ತಂದವು. ಲೋಪೆಜ್ ಅವರ ಚಿತ್ರವನ್ನು ‘ಲೆಮನೇಡ್’ನೊಂದಿಗೆ ತೂಗುವುದು ಅನಿವಾರ್ಯ, ಮತ್ತು ಆ ತಕ್ಕಡಿ ಬಿಯಾನ್ಸೆಯವರ ಕಡೆಗೇ ವಾಲುತ್ತದೆಂದು ಒಪ್ಪಲು ಸಂಕೋಚ ಬೇಕಿಲ್ಲ. ಅಲ್ಲಿರುವ ಇತಿಹಾಸದ ಭಾರ ಇಲ್ಲಿಲ್ಲ. ಆದರೆ ಅಲ್ಲಿಲ್ಲದ ಒಂದು ಗುಣ ಇಲ್ಲಿದೆ: ತನ್ನನ್ನೇ ನೋಡಿ ನಗುವ ಸಾಮರ್ಥ್ಯ. ಬಿಯಾನ್ಸೆ ಪೀಠದಿಂದ ಇಳಿಯುವುದೇ ಇಲ್ಲ. ಲೋಪೆಜ್ ಪದೇಪದೇ ಜಾರಿ ಬೀಳುತ್ತಾರೆ, ಗೆಳತಿಯರಿಂದ ಬೈಸಿಕೊಳ್ಳುತ್ತಾರೆ, ಕಣ್ಣೀರು ಒರೆಸಿಕೊಂಡು ಮತ್ತೆ ಪ್ರೇಮಚಿತ್ರ ನೋಡುತ್ತ ಕೂರುತ್ತಾರೆ.

ಆರನೇ ನಂಬರಿನ ರೈಲು

ಈ ಸಾಹಸದ ಹಿಂದಿನ ಹಟ ಅರ್ಥವಾಗಬೇಕಾದರೆ ಬ್ರಾಂಕ್ಸ್‌ನ ಕ್ಯಾಸಲ್ ಹಿಲ್ ಪ್ರದೇಶಕ್ಕೆ ಹೋಗಬೇಕು. 1969ರ ಜುಲೈ 24ರಂದು ಜನಿಸಿದ ಜೆನಿಫರ್ ಅವರ ತಂದೆತಾಯಿ ಇಬ್ಬರೂ ಪೋರ್ಟೊ ರಿಕೊ ಮೂಲದವರು. ಮ್ಯಾನ್‌ಹಟನ್‌ನ ನೃತ್ಯಶಾಲೆಗಳಿಗೆ ಆಕೆಯನ್ನು ಹೊತ್ತೊಯ್ದದ್ದು ಸುರಂಗಮಾರ್ಗದ ಆರನೇ ನಂಬರಿನ ರೈಲು. 1999ರ ಮೊದಲ ಆಲ್ಬಂಗೆ ‘ಆನ್ ದಿ ಸಿಕ್ಸ್’ ಎಂದು ಹೆಸರಿಟ್ಟು ಅವರು ಆ ಋಣ ಸಂದಾಯ ಮಾಡಿದರು. ಅದಕ್ಕೆ ಮುನ್ನ ದೂರದರ್ಶನದ ‘ಇನ್ ಲಿವಿಂಗ್ ಕಲರ್’ ಹಾಸ್ಯ ಕಾರ್ಯಕ್ರಮದಲ್ಲಿ ನರ್ತಕಿ. ಬಳಿಕ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಹತ್ಯೆಗೀಡಾದ ಟೆಕ್ಸಾಸ್‌ನ ಗಾಯಕಿ ಸೆಲೀನಾ ಅವರ ಜೀವನಚಿತ್ರ (1997). ಆ ಪಾತ್ರಕ್ಕೆ ದೊರೆತ ಹತ್ತು ಲಕ್ಷ ಡಾಲರ್ ಸಂಭಾವನೆ ಲ್ಯಾಟಿನ್ ಮೂಲದ ನಟಿಯರ ಪಾಲಿಗೆ ಮುಚ್ಚಿದ್ದ ಬಾಗಿಲೊಂದನ್ನು ತೆರೆಯಿತು.

2001ರ ಜನವರಿಯಲ್ಲಿ ಅವರ ‘ದಿ ವೆಡ್ಡಿಂಗ್ ಪ್ಲ್ಯಾನರ್’ ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲೂ ‘ಜೆ.ಲೊ’ ಆಲ್ಬಂ ಮಾರಾಟದ ಪಟ್ಟಿಯಲ್ಲೂ ಒಂದೇ ವಾರ ಅಗ್ರಸ್ಥಾನಕ್ಕೇರಿದವು. ಯಾವ ನಟಿ-ಗಾಯಕಿಗೂ ಅದುವರೆಗೆ ದಕ್ಕಿರದ ದಿಗ್ವಿಜಯವದು. ಅದರ ಹಿಂದಿನ ವರ್ಷ ಗ್ರ್ಯಾಮಿ ಸಮಾರಂಭಕ್ಕೆ ಅವರು ತೊಟ್ಟು ಬಂದ ವರ್ಸಾಚೆಯ ಹಸಿರು ಉಡುಪಿನ ಕಥೆಯಂತೂ ತಂತ್ರಜ್ಞಾನದ ಚರಿತ್ರೆಗೇ ಸೇರಿದೆ. ಆ ಚಿತ್ರಕ್ಕಾಗಿ ಜನ ಮುಗಿಬಿದ್ದು ಹುಡುಕಿದ್ದೇ ಗೂಗಲ್‌ನಲ್ಲಿ ಚಿತ್ರಶೋಧ ಸೌಲಭ್ಯ ರೂಪಿಸಲು ಪ್ರೇರಣೆಯಾಯಿತೆಂದು ಸಂಸ್ಥೆಯ ಮುಖ್ಯಸ್ಥರಾಗಿದ್ದ ಎರಿಕ್ ಶ್ಮಿಟ್ ಮುಂದೆ ಬರೆದರು. ಪರೀಕ್ಷೆಯ ಪ್ರಾಜೆಕ್ಟಿಗೆ ಚಿತ್ರ ಹುಡುಕುವ ನಮ್ಮ ಮನೆಯ ಮಕ್ಕಳೂ ಆ ಉಡುಪಿಗೆ ತುಸು ಋಣಿಗಳೇ ಸರಿ.

ವೃತ್ತಿಯ ಈ ಔನ್ನತ್ಯಕ್ಕೆ ಸರಿಸಮನಾಗಿ ಖಾಸಗಿ ಬದುಕು ಬೀದಿಗೆ ಬಂತು. ‘ಜಿಲಿ’ ಚಿತ್ರದ ಸೆಟ್ಟಿನಲ್ಲಿ ಪರಿಚಿತರಾದ ಬೆನ್ ಆಫ್ಲೆಕ್ ಜೊತೆ 2002ರಲ್ಲಿ ನಿಶ್ಚಿತಾರ್ಥವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬಂದ ‘ದಿಸ್ ಈಸ್ ಮಿ... ದೆನ್’ ಆಲ್ಬಂ ಆ ಪ್ರೇಮೋತ್ಸವದ ದಾಖಲೆ. ಅದರಲ್ಲಿ ಪ್ರಿಯಕರನ ಹೆಸರು ಹೊತ್ತ ಹಾಡೇ ಒಂದಿತ್ತು. ಇಬ್ಬರ ಹೆಸರನ್ನೂ ಬೆಸೆದು ‘ಬೆನ್ನಿಫರ್’ ಎಂಬ ಒಂದೇ ಹೆಸರಿಟ್ಟ ಪತ್ರಿಕೆಗಳು ಅವರನ್ನು ಬೆನ್ನಟ್ಟಿದವು. 2003ರ ಸೆಪ್ಟೆಂಬರ್‌ನಲ್ಲಿ ನಡೆಯಬೇಕಿದ್ದ ಮದುವೆ ಕೆಲವೇ ದಿನಗಳ ಮುಂಚೆ ಮುಂದೂಡಲ್ಪಟ್ಟಿತು. 2004ರ ಜನವರಿಯಲ್ಲಿ ಸಂಬಂಧವೇ ಮುರಿಯಿತು. ನಡುವೆ ಬೇರೆ ಮದುವೆಗಳು, ಮಕ್ಕಳು, ಬೇರೆ ವಿಚ್ಛೇದನಗಳು. ಸುಮಾರು ಹದಿನೇಳು ವರ್ಷಗಳ ಬಳಿಕ, 2021ರಲ್ಲಿ, ಅದೇ ಜೋಡಿ ಮತ್ತೆ ಕೈಹಿಡಿದು ನಡೆಯುವುದನ್ನು ಜಗತ್ತು ಕಣ್ಣುಜ್ಜಿಕೊಂಡು ನೋಡಿತು. 2022ರ ಜುಲೈನಲ್ಲಿ ಲಾಸ್ ವೇಗಸ್‌ನಲ್ಲಿ ಸರಳ ವಿವಾಹ, ಆಗಸ್ಟ್‌ನಲ್ಲಿ ವೈಭವದ ಸಮಾರಂಭ. ‘ದೆನ್’ ಎಂಬ ಆಲ್ಬಂಗೆ ಇಪ್ಪತ್ತು ವರ್ಷಗಳ ನಂತರ ‘ನೌ’ ಎಂಬ ಉತ್ತರಾರ್ಧ ಹುಟ್ಟಿದ್ದು ಹೀಗೆ.

ಹಣ, ಹಟ ಮತ್ತು ಒಂದು ಪತ್ರಗುಚ್ಛ

ಚಿತ್ರ ತಯಾರಾದ ಬಗೆಯನ್ನು ಸೆರೆಹಿಡಿದ ‘ದಿ ಗ್ರೇಟೆಸ್ಟ್ ಲವ್ ಸ್ಟೋರಿ ನೆವರ್ ಟೋಲ್ಡ್’ ಎಂಬ ಸಾಕ್ಷ್ಯಚಿತ್ರ 2024ರ ಫೆಬ್ರವರಿ 27ರಂದು ಬಿಡುಗಡೆಯಾಯಿತು. ಅನೇಕ ವಿಧಗಳಲ್ಲಿ ಅದು ಮೂಲಚಿತ್ರಕ್ಕಿಂತಲೂ ಆಪ್ತ. ಹಣ ಹೂಡಬೇಕಿದ್ದವರು ಹಿಂದೆ ಸರಿಯುತ್ತಾರೆ. ರಾಶಿಮಂಡಳಿಗೆ ಆಹ್ವಾನಿಸಿದ ಹಲವು ಖ್ಯಾತನಾಮರು ಬರಲಾಗದೆಂದು ಹೇಳಿ ಕಳಿಸುತ್ತಾರೆ. ಸುತ್ತಲಿನ ಹಿತೈಷಿಗಳಿಗೇ ಈ ಯೋಜನೆಯ ಬಗ್ಗೆ ಅಳುಕು. ಎಲ್ಲರ ನಡುವೆ ಲೋಪೆಜ್ ಒಬ್ಬರೇ ಮುಂದೆ ನುಗ್ಗುತ್ತಾರೆ, ಎರಡು ಕೋಟಿ ಡಾಲರನ್ನು ತಾವೇ ಸುರಿಯುತ್ತಾರೆ.

ಆ ಸಾಕ್ಷ್ಯಚಿತ್ರದ ಶೀರ್ಷಿಕೆ ಬಂದದ್ದು ಉಡುಗೊರೆಯೊಂದರಿಂದ. ಮತ್ತೆ ಒಂದಾದ ಮೇಲಿನ ಮೊದಲ ಕ್ರಿಸ್‌ಮಸ್‌ಗೆ ಆಫ್ಲೆಕ್ ಅವರು ವರ್ಷಾನುಗಟ್ಟಲೆ ತಾವಿಬ್ಬರೂ ಬರೆದುಕೊಂಡ ಪತ್ರ ಮತ್ತು ಇ-ಮೇಲ್‌ಗಳನ್ನೆಲ್ಲ ಪುಸ್ತಕವಾಗಿ ಕಟ್ಟಿಸಿ ಕೊಟ್ಟಿದ್ದರು. ಹಾಡು ಬರೆಯುವವರಿಗೆ ಸ್ಫೂರ್ತಿಯಾಗಲೆಂದು ಲೋಪೆಜ್ ಅದನ್ನು ಅವರ ಮುಂದೆ ತೆರೆದಿಟ್ಟರು. ಗುಟ್ಟಾಗಿರಲೆಂದು ಕೊಟ್ಟದ್ದು ಹಾಡಿಗೆ ಸರಕಾದ ಆ ಸಂಗತಿಯ ಬಗ್ಗೆ ಆಫ್ಲೆಕ್ ಕ್ಯಾಮೆರಾದ ಮುಂದೆಯೇ ತಮ್ಮ ಮುಜುಗರವನ್ನು ಸೌಮ್ಯವಾಗಿ ಹೇಳಿಕೊಳ್ಳುತ್ತಾರೆ. ಬದುಕಿನದೆಲ್ಲವನ್ನೂ ಕಲೆಗೆ ಕೊಡಬಲ್ಲ ಜೀವವೊಂದು, ಕೆಲವನ್ನು ಒಳಗೇ ಇಟ್ಟುಕೊಳ್ಳಬಯಸುವ ಜೀವ ಇನ್ನೊಂದು. ದಾಂಪತ್ಯದ ಬಿರುಕನ್ನು ಆ ಹೊತ್ತಿನಲ್ಲೇ ಗುರುತಿಸಬಹುದಿತ್ತೇನೋ ಎಂದು ಈಗ ಅನಿಸಿದರೂ, ಅಂದು ಕಂಡದ್ದು ಎರಡು ಸ್ವಭಾವಗಳ ನಡುವಿನ ಪ್ರೀತಿಯ ಜಗ್ಗಾಟ ಮಾತ್ರ. ಮೂಲಚಿತ್ರದ ಬರಹಗಾರರ ಪಟ್ಟಿಯಲ್ಲಿ ಲೋಪೆಜ್ ಹಾಗೂ ಮ್ಯಾಟ್ ವಾಲ್ಟನ್ ಜೊತೆ ಆಫ್ಲೆಕ್ ಹೆಸರೂ ಇದೆ. ತೆರೆಯ ಮೇಲೂ ಅವರು ಬರುತ್ತಾರೆ. ಆದರೆ ವಿಪರೀತ ಮೇಕಪ್ಪಿನಡಿ ಗುರುತೇ ಸಿಗದ ಟಿವಿ ನಿರೂಪಕನಾಗಿ!

ನಿರ್ದೇಶಕ ಡೇವ್ ಮೈಯರ್ಸ್ ಹಾಡಿನ ವಿಡಿಯೊಗಳ ಲೋಕದ ಧೀಮಂತ. ಲೋಪೆಜ್ ಅವರ ‘ಆಲ್ ಐ ಹ್ಯಾವ್’, ಮಿಸ್ಸಿ ಎಲಿಯಟ್ ಅವರ ‘ವರ್ಕ್ ಇಟ್’ ಮುಂತಾದವುಗಳಿಂದ ಹಿಡಿದು ಕೆಂಡ್ರಿಕ್ ಲಮಾರ್ ಅವರ ‘ಹಂಬಲ್’ವರೆಗೆ ಹಲವು ಸ್ಮರಣೀಯ ದೃಶ್ಯಗಳು ಅವರ ಕಲ್ಪನೆಯ ಕೂಸುಗಳು. ಅವರ ಶಕ್ತಿಯೂ ಮಿತಿಯೂ ಈ ಚಿತ್ರದಲ್ಲಿ ಒಟ್ಟಿಗೇ ಕಾಣುತ್ತವೆ. ಪ್ರತಿ ಚೌಕಟ್ಟೂ ಕಣ್ಣು ಕೋರೈಸುತ್ತದೆ. ಗಣಕದಲ್ಲಿ ಸೃಷ್ಟಿಸಿದ ಬಾನು, ನೀರು, ಕಿಡಿಗಳ ಹೊಳಪು ಕೆಲವೆಡೆ ಅತಿಯಾಗಿ, ಮುಖದ ಮೇಲಿನ ನೋವನ್ನೂ ಪಾಲಿಶ್ ಮಾಡಿಬಿಡುತ್ತದೆ. ಹಾಡುಗಳಲ್ಲಿ ನಾಲ್ಕೈದು ಮಾತ್ರ ಚಿತ್ರ ಮುಗಿದ ಮೇಲೂ ಕಿವಿಯಲ್ಲಿ ಉಳಿಯುತ್ತವೆ.

ಅಪ್ಪಿಕೊಂಡದ್ದು ಯಾರನ್ನು?

ಇಷ್ಟೆಲ್ಲ ಸಂಭ್ರಮದ ನಂತರ ಚಿತ್ರ ತಲುಪುವ ತಾಣ ಅನಿರೀಕ್ಷಿತ. ಪ್ರೇಮಕಥೆಯೆಂದು ಘೋಷಿಸಿಕೊಂಡ ಕಥನದ ಪರಾಕಾಷ್ಠೆಯಲ್ಲಿ ಮದುವೆಯ ಮಂಟಪವಿಲ್ಲ, ಮರಳಿ ಬಂದ ನಾಯಕನೂ ಇಲ್ಲ. ಚಿಕಿತ್ಸಕನ ಸಲಹೆಯಂತೆ ನಾಯಕಿ ಕನಸಿನಲ್ಲಿ ತನ್ನ ಹಳೆಯ ಬ್ರಾಂಕ್ಸ್ ಬೀದಿಗೆ ಮರಳುತ್ತಾಳೆ. ಅಲ್ಲಿ ಅವಳಿಗಾಗಿ ಕಾದಿರುವುದು ಪುಟ್ಟ ಜೆನಿಫರ್. ಎಲ್ಲರಿಗೂ ಪ್ರೀತಿ ಹಂಚಿದವಳು ತನ್ನನ್ನು ಮಾತ್ರ ಮರೆತದ್ದೇಕೆಂಬ ಕೊರಗು ಆ ಹುಡುಗಿಯದು. ದೊಡ್ಡವಳು ಕ್ಷಮೆ ಕೇಳುತ್ತಾಳೆ, ಮಗುವನ್ನು ಅಪ್ಪಿಕೊಳ್ಳುತ್ತಾಳೆ. ಮನೋಚಿಕಿತ್ಸೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ, ನಮ್ಮೊಳಗಿನ ನೊಂದ ಮಗುವನ್ನು ಸಂತೈಸುವ ವಿಧಾನವಿದು. ಪುಸ್ತಕಗಳಲ್ಲಿ ಓದಿದಾಗ ತುಸು ಕೃತಕವೆನಿಸಬಹುದಾದ ಆ ಕಲ್ಪನೆಗೆ ಇಲ್ಲಿ ಬೆಚ್ಚನೆಯ ದೇಹ ಸಿಕ್ಕಿದೆ. ಹೃದಯದ ಕಾರ್ಖಾನೆಗೆ ಬೇಕಿದ್ದ ಇಂಧನ ಹೊರಗಿನಿಂದ ಬರುವಂಥದ್ದಲ್ಲ ಎಂಬುದನ್ನು ಚಿತ್ರ ಉಪನ್ಯಾಸವಿಲ್ಲದೆ ನಿರೂಪಿಸುವುದು ಈ ಒಂದು ಆಲಿಂಗನದಲ್ಲಿ. ಆಮೇಲಷ್ಟೇ ಅವಳು ಮಳೆಯಲ್ಲಿ ಕುಣಿಯುತ್ತಾಳೆ. 1952ರ ‘ಸಿಂಗಿಂಗ್ ಇನ್ ದ ರೇನ್’ನಲ್ಲಿ ಜೀನ್ ಕೆಲ್ಲಿ ಹೊಸ ಪ್ರೇಮದ ಅಮಲಿನಲ್ಲಿ ಕುಣಿದಿದ್ದರು. ಅದೇ ದೃಶ್ಯಕ್ಕೆ ಗೌರವ ಸಲ್ಲಿಸುವ ಈ ನೃತ್ಯದಲ್ಲಿ ಪಕ್ಕದಲ್ಲಿ ಯಾವ ಪ್ರಿಯಕರನೂ ಬೇಕಾಗಿಲ್ಲ.

ಈ ಮುಕ್ತಾಯದ ಮಹತ್ವ ಬಿಡುಗಡೆಯ ದಿನಕ್ಕಿಂತ ಆರು ತಿಂಗಳ ನಂತರ ಹೆಚ್ಚು ಸ್ಪಷ್ಟವಾಯಿತು. ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯಲ್ಲಿ 38ನೇ ಸ್ಥಾನಕ್ಕಿಂತ ಮೇಲೇರಲಿಲ್ಲ. ಮೇ ಕೊನೆಯಲ್ಲಿ, ಕುಟುಂಬದೊಂದಿಗೆ ಇರಬೇಕಾಗಿದೆಯೆಂಬ ಕಾರಣಕ್ಕೆ, ಅಮೆರಿಕದಾದ್ಯಂತ ನಡೆಯಬೇಕಿದ್ದ ಸಂಗೀತ ಪ್ರವಾಸ ರದ್ದಾಯಿತು. 2024ರ ಆಗಸ್ಟ್ 20ರಂದು, ಜಾರ್ಜಿಯಾದ ವಿವಾಹ ಸಮಾರಂಭಕ್ಕೆ ಸರಿಯಾಗಿ ಎರಡು ವರ್ಷ ತುಂಬಿದ ದಿನವೇ, ಲೋಪೆಜ್ ಲಾಸ್ ಏಂಜಲೀಸ್ ನ್ಯಾಯಾಲಯದಲ್ಲಿ ವಿಚ್ಛೇದನದ ಅರ್ಜಿ ಸಲ್ಲಿಸಿದರು. 2025ರ ಆರಂಭದಲ್ಲಿ ಅದು ಇತ್ಯರ್ಥವಾಯಿತು. ಲೇವಡಿ ಮಾಡುವವರಿಗೆ ಸುಗ್ಗಿ! ಪ್ರೇಮದ ಅಮರತ್ವ ಸಾರಲು ಹೋದ ಚಿತ್ರವನ್ನು ಬದುಕೇ ಸುಳ್ಳಾಗಿಸಿತೆಂಬ ಮಾತು ಎಲ್ಲೆಡೆ ಕೇಳಿಬಂತು.

ಚಿತ್ರವನ್ನು ಈಗ ಮತ್ತೆ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಪ್ರಿಯಕರನಿಗೆಂದೇ ಬರೆದ ಹಾಡುಗಳು ಆಲ್ಬಂನಲ್ಲಿ ಹಲವಿವೆ. ಮುಂದೆ ಕೇಳುವವರ ಕಿವಿಗೆ ಅವು ಕಹಿಯಾಗಿಯೇ ಬಡಿದಾವು. ಚಿತ್ರ ಮಾತ್ರ ಆಫ್ಲೆಕ್ ಅವರ ಸುತ್ತ ಕಟ್ಟಿದ್ದಲ್ಲ. ಅದರ ನಾಯಕ ಬಹುಮಟ್ಟಿಗೆ ಮುಖವೇ ಕಾಣದ ಒಬ್ಬ ಬೈಕ್ ಸವಾರ. ಮುಖ ಇರುವವಳು, ಹೆಸರು ಇರುವವಳು, ಕೊನೆಗೆ ದಕ್ಕುವವಳು ಆ ಬ್ರಾಂಕ್ಸ್ ಹುಡುಗಿ. ಹೀಗಾಗಿ ವಿಚ್ಛೇದನದ ನಂತರವೂ ಕಥೆಯ ಒಂದು ದೃಶ್ಯವನ್ನೂ ಕತ್ತರಿಸಬೇಕಾದ ಅಗತ್ಯ ಬೀಳುವುದಿಲ್ಲ. ತನ್ನ ಲೇಖಕಿಗಿಂತ ಕೃತಿಯೇ ಹೆಚ್ಚು ತಿಳಿದಿತ್ತೆನ್ನಬೇಕು.

ಲೋಪೆಜ್ ಸುಮ್ಮನೆ ಕೂತವರಲ್ಲ. ಬಿಲ್ ಕಾಂಡನ್ ನಿರ್ದೇಶನದ ‘ಕಿಸ್ ಆಫ್ ದ ಸ್ಪೈಡರ್ ವುಮನ್’ 2025ರ ಜನವರಿಯಲ್ಲಿ ಸಂಡ್ಯಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, ಅಕ್ಟೋಬರ್‌ನಲ್ಲಿ ಚಿತ್ರಮಂದಿರಗಳಿಗೆ ಬಂತು. ಅರ್ಜೆಂಟೀನಾದ ಲೇಖಕ ಮಾನುಯೆಲ್ ಪುಯಿಗ್ ಅವರ 1976ರ ಕಾದಂಬರಿಯಿಂದ ಹುಟ್ಟಿದ ಬ್ರಾಡ್‌ವೇ ಸಂಗೀತನಾಟಕದ ಚಿತ್ರರೂಪವದು. ಸೆರೆಮನೆಯ ಕತ್ತಲಲ್ಲಿ ಕೈದಿಯೊಬ್ಬ ಕಲ್ಪಿಸಿಕೊಳ್ಳುವ ತಾರೆಯಾಗಿ, ಹಳೆಯ ಹಾಲಿವುಡ್‌ನ ವೈಭವದಲ್ಲಿ ಹಾಡುತ್ತ ಕುಣಿಯುವ ಅವಕಾಶ ಲೋಪೆಜ್ ಅವರಿಗೆ ಅಲ್ಲಿ ದೊರಕಿತು. ಅದರ ನಿರ್ಮಾಣದಲ್ಲಿ ಆಫ್ಲೆಕ್ ಅವರ ಸಂಸ್ಥೆಯ ಪಾಲೂ ಇದೆ. ನ್ಯೂಯಾರ್ಕ್‌ನ ಪ್ರೀಮಿಯರ್ ಸಮಾರಂಭಕ್ಕೆ ಅವರು ಬಂದು ಮಾಜಿ ಪತ್ನಿಯ ಪಕ್ಕ ನಿಂತರು ಕೂಡ. ಆ ವರ್ಷದ ನವೆಂಬರ್‌ನಲ್ಲಿ ಉದಯಪುರದ ಅದ್ದೂರಿ ಮದುವೆಯೊಂದರಲ್ಲಿ ಹಾಡಲು ಲೋಪೆಜ್ ಭಾರತಕ್ಕೂ ಬಂದು ಹೋದರು. ಡಿಸೆಂಬರ್ ಕೊನೆಗೆ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್‌ನಲ್ಲಿ ಅವರ ಹೊಸ ವೇದಿಕೆ ಪ್ರದರ್ಶನಗಳ ಸರಣಿ ಆರಂಭವಾಯಿತು.

‘ದಿಸ್ ಈಸ್ ಮಿ... ನೌ’ ಮತ್ತು ಅದರ ತಯಾರಿಯ ಸಾಕ್ಷ್ಯಚಿತ್ರ ನೋಡಲು ಹೊರಟವರು ಎರಡನ್ನೂ ಒಂದೇ ಸಂಜೆ ಮುಗಿಸುವ ಆತುರ ಮಾಡದಿರುವುದು ಒಳಿತು. ಮೊದಲು ಸಂಗೀತಚಿತ್ರ, ಸಾಧ್ಯವಾದ ಮಟ್ಟಿಗೆ ದೊಡ್ಡ ಪರದೆಯ ಟಿವಿಯಲ್ಲಿ, ಒಳ್ಳೆಯ ಸ್ಪೀಕರ್ ಹಚ್ಚಿ. ಕಾರ್ಖಾನೆಯ ದೃಶ್ಯವನ್ನು ಫೋನಿನಲ್ಲಿ ನೋಡಿದವರಿಗೆ ಅದರ ಅರ್ಧ ಸೊಗಸೂ ದಕ್ಕದು. ಪ್ರಣಯದ ಕೆಲವು ಸನ್ನಿವೇಶಗಳೂ ಗಾಜಿನ ಮನೆಯ ಹಿಂಸೆಯೂ ಇರುವುದರಿಂದ ಚಿಕ್ಕ ಮಕ್ಕಳು ಮಲಗಿದ ಮೇಲಾದರೆ ಅನುಕೂಲ. ಒಂದೆರಡು ದಿನ ಬಿಟ್ಟು ಸಾಕ್ಷ್ಯಚಿತ್ರ. ಅದರಲ್ಲಿ ಜೇನ್ ಫೋಂಡಾ ಈ ಯೋಜನೆಯ ಕುರಿತ ತಮ್ಮ ಆತಂಕವನ್ನು ಮುಚ್ಚುಮರೆಯಿಲ್ಲದೆ ಹೇಳುವ ಭಾಗ ಬರುತ್ತದೆ. ಅಷ್ಟು ಹೇಳಿಯೂ ಅವರು ಧನುರಾಶಿಯ ಕಿರೀಟ ತೊಟ್ಟು ಬಂದು ಕೂತರು.